ನಲವತ್ತೊಂದು ನೆಗಡಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲರಾದ ಮಾಲತೇಶಪ್ಪನವರ ಮನೆಯಲ್ಲಿ ಯಾರಿಗೂ ಯಾವ ಕಾಯಿಲೆಯೂ ಇರಲಿಲ್ಲ. ಮೂರು ತಲೆಮಾರಿನಿಂದ ಇರಲಿಲ್ಲ. ಅವರ ತಂದೆ ನಲವತ್ತೆಂಟನೆಯ ವಯಸ್ಸಿಗೆ ಎದೆ ಹಿಡಿದುಕೊಂಡು ಅಂಗಡಿಯ ಗಾದಿಯ ಮೇಲೆಯೇ ಒರಗಿದ್ದು ಕಾಯಿಲೆಯಿಂದಲ್ಲ, ದೃಷ್ಟಿಯಿಂದ. ಆ ವರ್ಷ ಮೆಣಸಿನಕಾಯಿಗೆ ಒಳ್ಳೆಯ ದರವಿತ್ತು, ಊರಿನ ಕಣ್ಣು ಬಿತ್ತು. ಮಾಲತೇಶಪ್ಪನವರು ದಿನಾ ಬೆಳಿಗ್ಗೆ ನುಂಗುವ ಬಿಳಿ ಗುಳಿಗೆ ರಕ್ತದೊತ್ತಡದ್ದಲ್ಲ, ಸಿಟ್ಟಿನದು. ಅವರ ಹೆಂಡತಿ ಮಂಗಳವ್ವ ಚಹಾಕ್ಕೆ ಸಕ್ಕರೆ ಬಿಟ್ಟು ಆರು ವರ್ಷವಾಗಿತ್ತು, ಅದು ಹರಕೆ. ಯಾವ ದೇವರದೆಂದು ಕೇಳಿದರೆ ಸೋಮವಾರ ಒಂದು ಹೆಸರು ಬರುತ್ತಿತ್ತು, ಶುಕ್ರವಾರ ಇನ್ನೊಂದು.

ಇಂಥ ನಿರೋಗಿ ಮನೆತನಕ್ಕೆ ಸೊಸೆಯಾಗಿ ಬಂದ ಜ್ಯೋತಿಲಕ್ಷ್ಮಿಯ ಏಳು ವರ್ಷದ ಮಗಳು ಸುಶ್ಮಿತಾಗೆ ಇದ್ದದ್ದು ನೆಗಡಿ. ಈ ನೆಗಡಿ ಬಂದಾಗ ಮೂಗು ಸೋರುತ್ತಿರಲಿಲ್ಲ. ಎದೆಯೊಳಗೆ ಯಾರೋ ಪೀಪಿ ಊದಿದ ಸದ್ದು ಬರುತ್ತಿತ್ತು, ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿತ್ತು, ಮಾತಾಡಲು ಹೋದ ಹುಡುಗಿ ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಿದ್ದಳು. ಊರಿನವರು ಇದಕ್ಕೆ ದಮ್ಮು ಎನ್ನುತ್ತಾರೆ, ಡಾಕ್ಟರರು ಅಸ್ತಮಾ ಎನ್ನುತ್ತಾರೆ. ಮಂಗಳವ್ವ ನೆಗಡಿ ಎನ್ನುತ್ತಿದ್ದರು, ಆ ಮನೆಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಬಾಯಿಗೆ ಹಿಡಿದು ಒತ್ತುವ ಪಂಪು ಬಂದವರ ಕಣ್ಣಿಗೆ ಬಿದ್ದರೆ ಅದು 'ಸೆಂಟಿನ ಬಾಟ್ಲಿ' ಆಗುತ್ತಿತ್ತು.

ಮಂಗಳವ್ವ ಕೆಟ್ಟವರಲ್ಲ. ಮೊಮ್ಮಗಳ ಎದೆಗೆ ಬೆಚ್ಚಗಿನ ಎಣ್ಣೆ ತಿಕ್ಕುತ್ತ ತಾಸುಗಟ್ಟಲೆ ಕೂರುವವರೇ. ಆದರೆ ಅವರಿಗೆ ಭುವನಾ ಎಂಬ ಮಗಳೊಬ್ಬಳಿದ್ದಳು, ಇಪ್ಪತ್ನಾಲ್ಕು ವಯಸ್ಸು, ಇನ್ನೂ ಮದುವೆಯಾಗಬೇಕಿತ್ತು. ಮನೆತನದಲ್ಲಿ ದಮ್ಮು ಇದೆಯೆಂದು ಗೊತ್ತಾದರೆ ಅಂಗಳಕ್ಕೆ ಯಾವ ವರನ ಕಡೆಯವರೂ ಕಾಲಿಡುವುದಿಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪಿರಲಿಲ್ಲ ಎಂಬುದೇ ಕಷ್ಟ.

ಜ್ಯೋತಿಲಕ್ಷ್ಮಿ ಕರ್ಜಗಿಯ ಒಕ್ಕಲುತನದ ಮನೆಯವಳು. ಧಾರವಾಡದಲ್ಲಿ ಕೃಷಿ ಓದಿ ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಸೇರಿದ್ದಳು. ಟೊಮೆಟೊ ಹೂವಿನ ಗಂಡು ಭಾಗವನ್ನು ಚಿಮಟದಿಂದ ತೆಗೆದು, ಬೇರೆ ತಳಿಯ ಪರಾಗವನ್ನು ಕೈಯಿಂದ ಮುಟ್ಟಿಸಿ, ಆ ಹೂವಿಗೊಂದು ಗುರುತಿನ ದಾರ ಕಟ್ಟುವ ಕೆಲಸವನ್ನು ಹೆಣ್ಣುಮಕ್ಕಳಿಗೆ ಕಲಿಸುವುದರಲ್ಲಿ ಅವಳದು ಎತ್ತಿದ ಕೈ. ಕಂಪನಿ ಆಫ್ರಿಕಾದ ಟಾಂಜಾನಿಯಾದಲ್ಲಿ, ಅರುಶಾ ಎಂಬ ಊರಿನ ಹತ್ತಿರ ಹೊಲ ಹಿಡಿದಾಗ, ಅಲ್ಲಿಯ ಹೆಂಗಸರಿಗೆ ಈ ಕೆಲಸ ಕಲಿಸಲು ಅವಳನ್ನೇ ಕಳಿಸಿತು. ಗಂಡ ಪ್ರೇಮಕುಮಾರ ಅಪ್ಪನ ಅಂಗಡಿ ಬಿಟ್ಟು ಜೊತೆಗೆ ಹೋದ. ಅಲ್ಲಿ ಅವನು ಮಗಳನ್ನು ಶಾಲೆಗೆ ಬಿಡುತ್ತಿದ್ದ, ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಲು ಕಲಿತಿದ್ದ. ಬ್ಯಾಡಗಿಯಲ್ಲಿ ಈ ಸುದ್ದಿ 'ಪ್ರೇಮಕುಮಾರ ಫಾರಿನ್‌ದಾಗ ಬಿಜಿನೆಸ್ ನೋಡಾಕತ್ತಾನ' ಎಂದು ಪ್ರಚಾರವಾಗಿತ್ತು.

ಎರಡು ವರ್ಷ ಕಳೆದು, ಎರಡು ಸಾವಿರದ ಏಳರ ಫೆಬ್ರುವರಿಯಲ್ಲಿ ಮೂವರೂ ರಜೆಗೆ ಬಂದಾಗ ಕಂಪನಿ ಜ್ಯೋತಿಯ ಕೈಗೊಂದು ಲಕೋಟೆ ಕೊಟ್ಟಿತು. ವಿದೇಶದಲ್ಲಿರುವ ನೌಕರರ ಆಸ್ಪತ್ರೆಯ ಬಿಲ್ಲನ್ನು ಇನ್ನು ಮುಂದೆ ಕಂಪನಿ ಕಟ್ಟುವುದಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದ ಆರೋಗ್ಯ ವಿಮೆಯನ್ನು ತಾವೇ ಆರಿಸಿಕೊಳ್ಳಬೇಕು. ಕಂತಿನ ಹಣವನ್ನು ಒಂದು ಮಿತಿಯವರೆಗೆ ಕಂಪನಿ ಕೊಡುತ್ತದೆ. ಎಂಟು ದಿನದೊಳಗೆ ಅರ್ಜಿ ಹೋಗಬೇಕು. ನೌಕರರ ಸ್ವಾತಂತ್ರ್ಯವನ್ನು ಗೌರವಿಸಿ ಈ ಕ್ರಮ ಎಂದು ಕೆಳಗೆ ಬರೆದಿತ್ತು. ಯಾರದಾದರೂ ಜೇಬಿಗೆ ಕತ್ತರಿ ಬೀಳುವ ಮೊದಲು ಇಂಥದೊಂದು ಗೌರವ ಸಲ್ಲುವುದು ವಾಡಿಕೆ.

ಜ್ಯೋತಿ ಆ ಕಾಗದ ಓದಿದಾಗ ಅವಳ ಕಣ್ಣ ಮುಂದೆ ಬಂದದ್ದು ಹಿಂದಿನ ಜುಲೈ ತಿಂಗಳ ಒಂದು ಮುಂಜಾನೆ. ಶಾಲೆಯಿಂದ ಫೋನ್ ಬಂದಿತ್ತು. ಅರುಶಾದ ಆಸ್ಪತ್ರೆಯವರು ಆಮ್ಲಜನಕ ಹಚ್ಚಿ, ನಮ್ಮ ಕೈಯಲ್ಲಿ ಇಷ್ಟೇ, ನೈರೋಬಿಗೆ ಒಯ್ಯಿರಿ ಎಂದಿದ್ದರು. ಐದು ತಾಸಿನ ದಾರಿ, ನಡುವೆ ದೇಶದ ಗಡಿ. ಗಡಿಯಲ್ಲಿ ಕೂತ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಪ್ರಯಾಣದ ಉದ್ದೇಶವೇನು ಎಂದು ಕೇಳಿದ. ಮಗಳನ್ನು ಎದೆಗೆ ಒತ್ತಿಕೊಂಡಿದ್ದ ಜ್ಯೋತಿಗೆ ಹೊಳೆದದ್ದು ಒಂದೇ ಉತ್ತರ: ಉಸಿರಾಡಲಿಕ್ಕೆ. ಆ ಸಲದ ಬಿಲ್ಲನ್ನು ಕಂಪನಿ ಕಟ್ಟಿತ್ತು. ಮುಂದಿನ ಸಲದ್ದು ಈ ಲಕೋಟೆಯೊಳಗಿತ್ತು.

ಲಕೋಟೆಯಲ್ಲಿ ಮೂರು ವಿಮೆಯ ಕಾಗದಗಳಿದ್ದವು. ಮನೆಯ ಪಡಸಾಲೆಯಲ್ಲಿ ಅವನ್ನು ಹರವಿದಾಗ ಮಾಲತೇಶಪ್ಪನವರು ಮೊದಲು ಒಂದೊಂದನ್ನೂ ಬೆರಳಿನಲ್ಲಿ ತಿಕ್ಕಿ ನೋಡಿದರು. ಕಾಯಿ ತಿಕ್ಕಿ ಬಣ್ಣ ನೋಡುವ ಕೈ, ಸುಮ್ಮನಿರಲಾರದು.

"ಇದರಾಗ ಮಸ್ತ ಮಾಲ ಯಾವ್ದು?" ಎಂದರು.

"ಒಂದನೇದ್ದು ಅರುಶಾದ್ದರಿ ಮಾವಾರ," ಎಂದಳು ಜ್ಯೋತಿ. "ಆ ಊರಾಗಿನ ಮೂರ ದವಾಖಾನಿ ಅಷ್ಟ. ನೈರೋಬಿಗೆ ಹೋದ್ರ ನಡೆಂಗಿಲ್ಲ. ಎರಡನೇದ್ದು ಎಲ್ಲಾ ದೇಶಕ್ಕೂ ನಡಿತೈತಿ, ಹಳೀ ರೋಗಕ್ಕೂ ಕೊಡ್ತಾರ. ಆದ್ರ ತುಟ್ಟಿ. ಮತ್ತ ಹನ್ನೊಂದ ಪೇಜ ಪ್ರಶ್ನಿ ಅದಾವು."

"ಹನ್ನೊಂದ ಪೇಜ!" ಮಾಲತೇಶಪ್ಪನವರು ಆ ಕಾಗದವನ್ನು ದೂರ ಸರಿಸಿದರು. "ಅಷ್ಟ ಪ್ರಶ್ನಿ ಕೇಳಾಂವ ರೊಕ್ಕ ಕೊಡಾಂವ ಅಲ್ಲವಾ. ಕೊಡಾಂವ ಎರಡ ಮಾತಿನ್ಯಾಗ ಕೊಡ್ತಾನ. ಮೂರನೇದ್ದು?"

"ಅದು ಇಲ್ಲೇ ನಮ್ಮ ದೇಶದ್ದು. ಏನೂ ಕೇಳಂಗಿಲ್ಲ. ಸೋವಿ."

"ನೋಡು! ಮನಷ್ಯಾರ ಮ್ಯಾಲ ವಿಶ್ವಾಸ ಅಂದ್ರ ಇದು."

"ಆದ್ರ ಮಾವಾರ, ಕೈಕಾಲ ಮುರದ್ರ ಅಷ್ಟ ಕೊಡ್ತಾರ. ಮದ್ಲ ಇದ್ದ ಬ್ಯಾನಿಗೆ ಒಂದ ಪೈ ಕೊಡಂಗಿಲ್ಲ. ಮತ್ತ ಈ ವಿಮಾ ನಡಿಯೂದು ಆರ ತಿಂಗಳ ತನಕ ಅಷ್ಟ."

"ಮದ್ಲ ಇದ್ದ ಬ್ಯಾನಿ ಯಾರಿಗೈತಿ ಈ ಮನ್ಯಾಗ?" ಮಂಗಳವ್ವ ಒಳಗಿನಿಂದಲೇ ಕೇಳಿದರು. ಆಗ ಪಡಸಾಲೆಯ ಮೂಲೆಯಲ್ಲಿ ಚಿತ್ರ ಬಿಡಿಸುತ್ತಿದ್ದ ಸುಶ್ಮಿತಾ ಕೆಮ್ಮಿದಳು. ಎಲ್ಲರೂ ಬೇರೆ ಬೇರೆ ಕಡೆ ನೋಡಿದರು.

ಪ್ರೇಮಕುಮಾರ ಮಾತು ಬದಲಿಸಲು ಹನ್ನೊಂದು ಪುಟದ ಅರ್ಜಿಯ ಮೊದಲ ಪುಟ ಓದತೊಡಗಿದ. ವಿಮೆ ಮಾಡಿಸುವವರು: ಜ್ಯೋತಿಲಕ್ಷ್ಮಿ. ಡಿಪೆಂಡೆಂಟ್ಸ್: ಪ್ರೇಮಕುಮಾರ, ಸುಶ್ಮಿತಾ. ಮೊದಲ ಸಾಲಿಗೇ ನಿಲ್ಲಿಸಿದ್ದರೆ ಬದುಕುತ್ತಿದ್ದ.

"ಡಿಪೆಂಡೆಂಟ್ ಅಂದ್ರ ಏನೋ?" ಎಂದರು ಮಾಲತೇಶಪ್ಪ.

"ಅಂದ್ರ... ಜೋಡಿ ಹೋದವ್ರು."

"ಅಲ್ಲಪ್ಪಾ," ಭುವನಾ ಚಹಾ ತಂದಿಡುತ್ತ ನಕ್ಕಳು. "ಅವಲಂಬಿತರು. ಅಣ್ಣ ವೈನಿ ಮ್ಯಾಲ ಅವಲಂಬನ ಆಗ್ಯಾನ."

ಮುಂದಿನ ಒಂದು ತಾಸು ಆ ಮನೆಯಲ್ಲಿ ವಿಮೆಯ ಚರ್ಚೆ ಆ ಒಂದು ಕಾಲಮ್ಮಿನ ಮೇಲೆ ನಡೆಯಿತು. ಮಾಲತೇಶಪ್ಪನವರ ಮಗ ಒಬ್ಬರ ಮೇಲೆ ಅವಲಂಬಿಸುವುದೇ? ಹೆಸರು ಮೇಲೆ ಕೆಳಗೆ ಮಾಡಲು ಬರುವುದಿಲ್ಲವೇ? ಬ್ಯಾರೆ ಪೆನ್ನಿನಲ್ಲಿ ಬರೆದರೆ? ಮಗುವಿನ ಉಸಿರಿಗಾಗಿ ಮೂರು ನಿಮಿಷ ಕೊಟ್ಟಿದ್ದ ಮನೆ, ಗಂಡಸಿನ ಹೆಸರು ಎಷ್ಟನೆಯ ಸಾಲಿನಲ್ಲಿರಬೇಕೆಂಬುದಕ್ಕೆ ಎರಡು ಸುತ್ತು ಚಹಾ ಖರ್ಚು ಮಾಡಿತು. ಕೊನೆಗೆ ಮಾಲತೇಶಪ್ಪನವರು ತೀರ್ಪು ಕೊಟ್ಟರು: "ಯಾವ ವಿಮಾ ಅನ್ನೂದು ಫಕ್ಕೀರಪ್ಪ ಹೇಳ್ಲಿ. ಗುರುವಾರ ಬರಾಕ ಹೇಳತೇನಿ."

ಹಾವೇರಿಯ ಫಕ್ಕೀರಪ್ಪ ವಿಮೆಯ ಏಜೆಂಟ. ಮೂರರಲ್ಲಿ ಯಾವುದನ್ನು ಆರಿಸಿದರೂ ಅರ್ಜಿ ಅವನ ಕೈಯಿಂದಲೇ ಹೋಗಬೇಕೆಂದು ಕಂಪನಿ ಗೊತ್ತು ಮಾಡಿತ್ತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಭುವನಾಗೆ ನೋಡಿದ್ದ ವರ, ಹಾವೇರಿಯಲ್ಲಿ ಟ್ರಾಕ್ಟರಿನ ಬಿಡಿಭಾಗಗಳ ಅಂಗಡಿಯಿಟ್ಟಿದ್ದ ಸುನೀಲಕುಮಾರನಿಗೆ ಈ ಫಕ್ಕೀರಪ್ಪ ಖಾಸಾ ಸೋದರಮಾವ. ಹನ್ನೊಂದು ಪುಟದಲ್ಲಿ ಜ್ಯೋತಿ ಏನು ಬರೆದರೂ ಅದು ವಿಮೆಯ ಕಂಪನಿಗಿಂತ ಮೊದಲು ಬೀಗರ ಮನೆ ಮುಟ್ಟುತ್ತಿತ್ತು.

ಆ ರಾತ್ರಿಯ ಅಡುಗೆ ಮುಗಿಸುವಾಗ ಮಂಗಳವ್ವ ಸೊಸೆಯ ಪಕ್ಕ ಬಂದು ನಿಂತರು. ದನಿ ಮೆತ್ತಗಿತ್ತು. "ಜ್ಯೋತಿ, ನಿನ್ನ ಮಗಳು ನನ್ನ ಮಮ್ಮಗಳು. ಅಕಿ ಮ್ಯಾಲ ನನಗ ಜೀವ ಇಲ್ಲ ಅಂತ ತಿಳೀಬ್ಯಾಡ. ಮದವಿ ಒಂದ ಆಗಿ ಹೋಗ್ಲಿ, ಆಮ್ಯಾಲ ಏನ ಬೇಕಾದ್ದ ಬರಿ. ಈಗ 'ಏನೂ ಇಲ್ಲ' ಅಂತ ಹಾಕು. ಎಲ್ಲಾರೂ ಹಂಗ ಹಾಕ್ತಾರವಾ."

ಎರಡನೆಯ ವಿಮೆಯ ಕೊನೆಯ ಪುಟದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಂದು ಸಾಲಿತ್ತು: ಇದ್ದ ಕಾಯಿಲೆಯನ್ನು ಮುಚ್ಚಿಟ್ಟದ್ದು ಗೊತ್ತಾದರೆ ಇಡೀ ವಿಮೆ ರದ್ದು. ಅದನ್ನು ಜ್ಯೋತಿ ಅಷ್ಟರಲ್ಲೇ ನಾಲ್ಕು ಸಲ ಓದಿದ್ದಳು.

ಮರುದಿನ ಮಾಲತೇಶಪ್ಪನವರು ಸಿಟ್ಟಿನ ಗುಳಿಗೆ ಮರೆತು ಅಂಗಡಿಗೆ ಹೋದರು. ಕೊಟ್ಟು ಬರಲು ಜ್ಯೋತಿ ಮಾರುಕಟ್ಟೆಗೆ ನಡೆದಳು. ಮಗಳನ್ನು ಬಿಟ್ಟೇ ಹೋದಳು. ಹಂಗಾಮಿನ ದಿನ. ಪ್ರಾಂಗಣದ ಉದ್ದಕ್ಕೂ ಕೆಂಪು ರಾಶಿ, ಚೀಲ ಹೊತ್ತ ಹಮಾಲರು, ಗಾಳಿಯಲ್ಲಿ ಸೆರಗು ಮುಚ್ಚಿದರೂ ಗಂಟಲಿಗೆ ಇಳಿಯುವ ಘಾಟು. ಇಡೀ ಊರೇ ಸೀನುವಾಗ ಒಂದು ಹುಡುಗಿಯ ಕೆಮ್ಮು ಯಾರ ಕಿವಿಗೆ ಬಿದ್ದೀತು?

ಅಂಗಡಿಯ ಮುಂದೆ ಮಾಲತೇಶಪ್ಪನವರು ಒಬ್ಬ ರೈತನ ಚೀಲ ಬಿಚ್ಚಿಸಿದ್ದರು. ಮೇಲೆ ಅರಿಷಿಣ-ಕುಂಕುಮ ಹಚ್ಚಿದ ಹಾಗೆ ಲಕಲಕ ಕಾಯಿ. ಅವರು ಅದನ್ನು ನೋಡಲೇ ಇಲ್ಲ. ತೋಳು ಮಡಚಿ, ಮೊಣಕೈವರೆಗೆ ಕೈ ತುರುಕಿ, ತಳದಿಂದ ಒಂದು ಹಿಡಿ ಎಳೆದರು. ಕಪ್ಪು ತೊಟ್ಟು, ಮೆತ್ತನೆ ಕಾಯಿ.

"ಏನೋ ಇದು?"

"ಒಂದೀಟ ಇಬ್ಬನಿ ಬಿದ್ದಿತ್ರಿ ಸಾವ್ಕಾರ್ರ. ನಿಮ್ಮ ಕಣ್ಣಿಗೆ ಬೀಳಬಾರ್ದು ಅಂತಲ್ರಿ, ಹಂಗ ಕೆಳಗ ಹೋಗ್ಯಾವ."

"ತಾವ ನಡ್ಕೊಂತ ಹೋದ್ವೇನು? ಮಳ್ಳ, ಹಸಿ ಇದ್ರ ಹಸಿ ಅಂತ ಹೇಳು. ಬ್ಯಾರೆ ರಾಶಿ ಹಾಕೂಣು, ಒಣಗ್ಸೂಣು. ಮುಚ್ಚಿಟ್ರ ಒಂದ ಹಿಡಿ ಸಂಬಂಧ ಇಡೀ ಚೀಲ ಕೊಳಿತೈತಿ!"

ಜ್ಯೋತಿ ಗುಳಿಗೆಯನ್ನೂ ನೀರನ್ನೂ ಮಾವನ ಕೈಗೆ ಕೊಟ್ಟಳು. ಅವರು ಸಿಟ್ಟನ್ನು ಇಳಿಸಿಕೊಂಡರು. ಅವಳು ಅಲ್ಲಿಂದ ಮನೆಗೆ ಬರಲಿಲ್ಲ, ಸ್ಟೇಶನ್ನಿಗೆ ಹೋಗಿ ರಾಣೆಬೆನ್ನೂರಿನ ರೈಲು ಹತ್ತಿದಳು.

ರಾಣೆಬೆನ್ನೂರಿನಲ್ಲಿ ಸುಶ್ಮಿತಾಳನ್ನು ಹಸುಗೂಸಿನಿಂದ ನೋಡಿದವರು ಡಾಕ್ಟರ್ ಮಹಮೂದಾಬೇಗಂ. ಅವರು ಹಳೆಯ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಜ್ಯೋತಿ ಒಂದೊಂದೇ ತಿರುವಿದಳು. ನೆಗಡಿ. ನೆಗಡಿ. ನೆಗಡಿ ಮತ್ತು ಕೆಮ್ಮು. ನೆಗಡಿ. ಆಫ್ರಿಕಾಕ್ಕೆ ಹೋಗುವ ಮೊದಲಿನ ಮೂರು ವರ್ಷಕ್ಕೆ ನಲವತ್ತೊಂದು. ಎಲ್ಲದರ ಕೆಳಗೂ ದಮ್ಮಿನ ಔಷಧಿ.

"ನಿಮ್ಮ ಅತ್ತ್ಯಾರು ಮೊದ್ಲನೇ ದಿನಾನ ಕೈ ಮುಗದ ಹೇಳಿದ್ರು," ಎಂದರು ಡಾಕ್ಟರು. "ಚೀಟಿ ಮ್ಯಾಲ ಆ ಹೆಸರ ಬರೀಬ್ಯಾಡ್ರಿ ಬಾಯಾರ, ಮಗಳ ಮದವಿ ಐತಿ ಅಂತ. ಔಷಧ ಖರೇ ಇದ್ರ ಸಾಕು, ಹೆಸರ ಏನಿದ್ರೇನು ಅಂತ ನಾನೂ ಬರ್ಕೊಟ್ಟೆ. ತಪ್ಪು ನಂದೂ ಐತಿ."

ಜ್ಯೋತಿ ಅವರನ್ನು ದೂರುವಂತಿರಲಿಲ್ಲ. ಆ ನಲವತ್ತೊಂದು ಸಲವೂ ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತವಳು ತಾನೇ. ಗುರುತಿನ ದಾರ ಕಟ್ಟಲು ಮರೆತ ಹೆಂಗಸರ ಮೇಲೆ ಅರುಶಾದ ಹೊಲದಲ್ಲಿ ರೇಗುವವಳು, ತನ್ನ ಹೊಟ್ಟೆಯ ಕೂಸಿಗೆ ತಪ್ಪು ದಾರ ಕಟ್ಟಿಸಿಕೊಂಡು ಐದು ವರ್ಷ ಸುಮ್ಮನಿದ್ದಳು.

"ಈಗ ಖರೇ ಹೆಸರ ಬರ್ದು ಕೊಡ್ರಿ ಡಾಕ್ಟರ," ಎಂದಳು.

ಅವರು ಬರೆದರು. ಅಸ್ತಮಾ. ಕಾಗದದ ಮೇಲೆ ಆ ಶಬ್ದ ಎಷ್ಟು ಚಿಕ್ಕದಾಗಿ ಕಂಡಿತೆಂದರೆ, ಇದಕ್ಕಾಗಿ ಇಷ್ಟು ವರ್ಷ ಹೆದರಿದೆವೇ ಎಂದು ಅವಳಿಗೆ ನಾಚಿಕೆಯಾಯಿತು. ಹಾಗೆಂದು ಹೆದರಿಕೆ ಹೋಗಲಿಲ್ಲ. ಕಾಗದ ಪರ್ಸಿನಲ್ಲಿತ್ತು, ಗುರುವಾರ ಇನ್ನೂ ಬರಬೇಕಿತ್ತು.

ಗುರುವಾರ ಬಂತು. ವಿಮೆ ಮಾಡಿಸುವುದೆಂದರೆ ಏನು ಎಂಬುದರ ಬಗ್ಗೆ ಮಂಗಳವ್ವನಿಗೆ ಒಂದೇ ಒಂದು ಮಾದರಿ ಗೊತ್ತಿತ್ತು: ಕನ್ಯೆ ತೋರಿಸುವುದು. ಆದ್ದರಿಂದ ಪಡಸಾಲೆಗೆ ಹೊಸ ಜಮಖಾನೆ ಬಿತ್ತು. ಸುಶ್ಮಿತಾಗೆ ರೇಶಿಮೆಯ ಫ್ರಾಕು ತೊಡಿಸಿ, ಕೆನ್ನೆಗೆ ಪೌಡರು ಬಳಿದು, ಗೋಡೆಗೆ ಆನಿಸಿ ಕೂಡಿಸಿದರು. ಪ್ರೇಮಕುಮಾರ ಅವಲಂಬಿತನಂತೆ ಕಾಣಬಾರದೆಂದು ಅವನಿಗೆ ಕೋಟು ಹಾಕಿಸಲಾಯಿತು. ಒಳಗೆ ಮಿರ್ಚಿ ಬಜ್ಜಿಯ ಹಿಟ್ಟು ಕಲಸಿಟ್ಟು, ಎಣ್ಣೆ ಕಾಯಲಿಟ್ಟರು.

ಫಕ್ಕೀರಪ್ಪ ಬಗಲಲ್ಲಿ ಚರ್ಮದ ಚೀಲ ಇಟ್ಟುಕೊಂಡು ಬಂದ, ಕೈಕಾಲು ತೊಳೆದ, ಕೂತ. ಮೂರು ಕಾಗದದಲ್ಲಿ ಯಾವುದು ಎಂದು ಯಾರನ್ನೂ ಕೇಳದೆ ಮೂರನೆಯದನ್ನು ಮುಂದಿಟ್ಟ.

"ಅಣ್ಣಾರ, ನನಗ ಎರಡನೇದ್ದು ಬೇಕು," ಎಂದಳು ಜ್ಯೋತಿ.

"ಯಾವ್ದಾದ್ರೇನ ತಂಗಿ, ಅದನ್ನೂ ತುಂಬಿ ತಂದೇನಿ. ನಿಮಗ್ಯಾಕ ತ್ರಾಸ." ಅವನು ಹನ್ನೊಂದು ಪುಟ ಹೊರತೆಗೆದ. ನಿಜ, ಪೆನ್ಸಿಲಿನಲ್ಲಿ ಮೊದಲೇ ತುಂಬಿದ್ದ. ಹೃದಯ? ಇಲ್ಲ. ಸಕ್ಕರೆ? ಇಲ್ಲ. ಉಸಿರಾಟದ ತೊಂದರೆ? ಇಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ಪುಟದ ಬಲಬದಿಗೆ ಸಾಲಾಗಿ ಗೆರೆಗಳು ಇಳಿದಿದ್ದವು, ನಾಟಿ ಮಾಡಿದ ಸಸಿಗಳಂತೆ. ಫಕ್ಕೀರಪ್ಪನ ಕಡತಗಳನ್ನು ನಂಬುವುದಾದರೆ ಹಾವೇರಿ ಜಿಲ್ಲೆಯ ದವಾಖಾನೆಗಳಿಗೆಲ್ಲ ಬೀಗ ಜಡಿದು ಕಾಯಿ ಒಣಗಿಸಲು ಕೊಡಬಹುದಿತ್ತು.

"ಸಹಿ ಅಷ್ಟ ಮಾಡ್ರಿ. ಆಮ್ಯಾಲ ನಾ ಪೆನ್ನಿಲೇ ತೀಡ್ತೇನಿ."

"ಮದ್ಲ ಮಿರ್ಚಿ ತಗೋರಿ," ಎಂದು ಮಂಗಳವ್ವ ತಟ್ಟೆ ಇಟ್ಟರು. ಐದು ಮಿರ್ಚಿ, ಮಂಡಕ್ಕಿ. "ನಮ್ಮ ಮಮ್ಮಗಳು ಆಫ್ರಿಕಾದ ಹಾಡ ಹೇಳತಾಳ್ರಿ. ಹೇಳವಾ ಸುಶಿ."

ಸುಶ್ಮಿತಾ ಎದ್ದು ನಿಂತು ಶಾಲೆಯಲ್ಲಿ ಕಲಿತ ಸ್ವಾಹಿಲಿ ಹಾಡು ಶುರುಮಾಡಿದಳು. ಒಳಗಿನಿಂದ ಎಣ್ಣೆಯ ಹೊಗೆ, ಅದರ ಬೆನ್ನಿಗೆ ಬಾಣಲೆಗೆ ಬಿದ್ದ ಹಸಿಮೆಣಸಿನಕಾಯಿಯ ಘಾಟು ಪಡಸಾಲೆಗೆ ಬಂತು. ಎರಡನೆಯ ಸಾಲಿಗೆ ಹುಡುಗಿ ಕೆಮ್ಮಿದಳು. ಮೂರನೆಯ ಸಾಲು ಬರಲಿಲ್ಲ. ಅದರ ಬದಲು ಎದೆಯ ಪೀಪಿ ಊದಿತು.

"ಈ ಸಲ ಕಡ್ಡಿ ಮೆಣಸಿನಕಾಯಿಗಿಂತ ಡಬ್ಬಿ ಮೆಣಸಿನಕಾಯಿಗೆ ಛಲೋ ರೇಟ ಐತ್ರಿ!" ಮಾಲತೇಶಪ್ಪನವರು ಇದ್ದಕ್ಕಿದ್ದಂತೆ ಕೂಗಿದರು.

"ಹಾಡ ಹೇಳಿ ಹೇಳಿ ನೆಗಡಿ ಆಗೇತಿ," ಎಂದರು ಮಂಗಳವ್ವ.

ಜ್ಯೋತಿ ಒಳಗೆ ಓಡಿದಳು. ಪಂಪು ಯಾವಾಗಲೂ ಇರುವ ಗೂಡು ಖಾಲಿ. ಬಟ್ಟೆಯ ಚೀಲದಲ್ಲಿಲ್ಲ, ದೇವರ ಮಾಡದಲ್ಲಿಲ್ಲ. ಹೊರಗೆ ಬಂದು ಕೇಳಿದಳು: "ಅತ್ತಿ, ಪಂಪ ಎಲ್ಲಿಟ್ಟೀರಿ?"

"ಯಾವ ಪಂಪು? ಹೊಲದ ಪಂಪೇನು? ಅದು ರಿಪೇರಿಗೆ ಹೋಗೇತಿ," ಎಂದರು ಮಂಗಳವ್ವ, ಬೀಗರ ಕಡೆ ನೋಡಿ ನಗುತ್ತ.

ಸುಶ್ಮಿತಾ ಗೋಡೆ ಹಿಡಿದು ಬಗ್ಗಿದ್ದಳು. ಪೌಡರಿನ ಕೆಳಗೆ ಮುಖ ಬೂದಿಯಾಗಿತ್ತು. ಪ್ರೇಮಕುಮಾರ ಕೋಟು ಕಿತ್ತೆಸೆದು ಮಗಳನ್ನು ಹಿಡಿದುಕೊಂಡ. "ಯವ್ವಾ, ಲಗೂ ಹೇಳು!" ಎಂದು ಕೂಗಿದ. ಮಂಗಳವ್ವ ಅಡುಗೆಮನೆಯ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. ಒಂದು ಕಡೆ ಮೊಮ್ಮಗಳು, ಒಂದು ಕಡೆ ಬೀಗರು, ನಡುವೆ ಅವರು.

ಆಗ ಬಾಣಲೆಯ ಮುಂದಿದ್ದ ಭುವನಾ ಜಾರಾಸೌಟು ಕೆಳಗಿಟ್ಟಳು. ಅಡುಗೆಮನೆಯ ಮೂಲೆಯಲ್ಲಿ, ಬೆಳಿಗ್ಗೆ ಅವ್ವ ಕೈಯಾಡಿಸುವುದನ್ನು ತಾನು ಕಂಡಿದ್ದ ಜೋಳದ ಡಬ್ಬಿಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ತುರುಕಿದಳು. ತಳದಿಂದ ಪಂಪು ಎಳೆದು, ಜೋಳ ಕೊಡವುತ್ತ ಪಡಸಾಲೆಗೆ ಬಂದು, ಎಲ್ಲರೂ ನೋಡುತ್ತಿದ್ದಂತೆ ಅತ್ತಿಗೆಯ ಕೈಗೆ ಕೊಟ್ಟಳು.

"ತಗೋರಿ ವೈನಿ."

ಜ್ಯೋತಿ ನೆಲಕ್ಕೆ ಕೂತು, ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತಿದಳು. ಉಸರ ಎಳಕೋ ನನ ಬಂಗಾರ. ಹಿಡಕೋ. ಬಿಡು. ಇನ್ನೊಮ್ಮೆ. ಪಡಸಾಲೆಯಲ್ಲಿ ಮಿರ್ಚಿಯ ತಟ್ಟೆಯ ಮೇಲೆ ನೊಣ ಓಡಿಸುವವರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪೀಪಿಯ ಸದ್ದು ಸಣ್ಣದಾಯಿತು. ಹುಡುಗಿ ತಾಯಿಯ ಕೊರಳಿಗೆ ಮುಖ ಒತ್ತಿ, "ಹಾಡು ಇನ್ನೂ ಐತಿ" ಎಂದಳು.

ಜ್ಯೋತಿ ಪರ್ಸಿನಿಂದ ಡಾಕ್ಟರರ ಕಾಗದ ತೆಗೆದು ಫಕ್ಕೀರಪ್ಪನ ಮುಂದಿಟ್ಟಳು. "ಅಣ್ಣಾರ, ಪೆನ್ಸಿಲ್ ಅಳಿಸ್ರಿ. ನನ್ನ ಮಗಳಿಗೆ ದಮ್ಮ ಐತಿ. ಎರಡ ವರ್ಷ ಇದ್ದಾಗಿಂದ ಐತಿ."

ಮಾಲತೇಶಪ್ಪನವರ ಮುಖ ಕೆಂಪಾಯಿತು. "ಜ್ಯೋತೀ..."

"ಹಸಿ ಇದ್ರ ಹಸಿ ಅಂತ ಹೇಳು ಅಂತ ನೀವ ಅಂದಿದ್ರಲ್ರಿ ಮಾವಾರ. ಮುಚ್ಚಿಟ್ರ ಇಡೀ ಚೀಲ ಕೊಳಿತೈತಿ ಅಂತ."

ಇಪ್ಪತ್ತೆಂಟು ವರ್ಷ ದಲಾಲಿ ಮಾಡಿದವರು. ತಮ್ಮ ಬಾಯಿಂದ ಬಿದ್ದ ಮಾತು ತಮ್ಮ ಅಂಗಳಕ್ಕೆ ಬಂದಾಗ ಅದಕ್ಕೆ ದರ ಕಟ್ಟಲು ಅವರಿಗಾಗಲಿಲ್ಲ.

ಫಕ್ಕೀರಪ್ಪ ರಬ್ಬರಿನಿಂದ ನಿಧಾನಕ್ಕೆ ಅಳಿಸಿದ. ಆಮೇಲೆ ಕನ್ನಡಕ ಏರಿಸಿ ಕಾಗದವನ್ನು ಹತ್ತಿರ ಹಿಡಿದ. "ಹದಿನೆಂಟ ವರ್ಷ ಆತು ನಾ ಈ ಧಂದೇಕ ಬಂದು. ಈ ಕಾಲಮ್ಮ ತುಂಬಿದವ್ರು ನೀವ ಮೊದ್ಲನೇದವ್ರು ತಂಗಿ. ಇಲ್ಲಿ ಇಷ್ಟ ಜಾಗ ಬಿಟ್ಟಾರ ಅಂತ ನನಗೂ ಗೊತ್ತಿರ್ಲಿಲ್ಲ." ಬರೆದ, ಸಹಿ ಹಾಕಿಸಿಕೊಂಡ, ಎದ್ದ.

ಅವನು ತಿಂದದ್ದು ಒಂದು ಮಿರ್ಚಿ. ನಾಲ್ಕು ಹಾಗೇ ಉಳಿದಿದ್ದವು. ಮಂಗಳವ್ವ ಆ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದ ರೀತಿ ನೋಡಿದರೆ, ಸಂಬಂಧ ಮುರಿದ ಸುದ್ದಿಗೆ ಬೇರೆ ಪತ್ರ ಬೇಕಾಗಿರಲಿಲ್ಲ.

ಮುಂದಿನ ಆರು ದಿನ ಅವರು ಸೊಸೆಯೊಡನೆ ಮಾತು ಬಿಟ್ಟರು. ಮಾತು ಬಿಟ್ಟವರು ಮೊಮ್ಮಗಳ ಪಲ್ಯಕ್ಕೆ ಖಾರ ಹಾಕುವುದನ್ನೂ ಬಿಟ್ಟರು, ಒಗ್ಗರಣೆಯನ್ನು ಹಿತ್ತಲಿನ ಒಲೆಗೆ ಒಯ್ದರು. ಪಂಪು ಗೂಡಿಗೆ ತಾನಾಗಿಯೇ ಮರಳಿ ಬಂತು, ತೊಳೆದು ಒರೆಸಿದ್ದು. ಭುವನಾಳನ್ನು ಹಿತ್ತಲಲ್ಲಿ ಹಿಡಿದು ಜ್ಯೋತಿ, "ನಿನ್ನ ಮದವಿಗೆ ನಾ ಕಲ್ಲ ಹಾಕಿದೆನೇನವಾ?" ಎಂದು ಕೇಳಿದಳು. ಭುವನಾ ಬಟ್ಟೆ ಹಿಂಡುತ್ತ, "ಕಲ್ಲ ನಾನ ತಂದ ಕೊಟ್ಟೇನಲ್ರಿ, ನೀವ ಒಗದ್ರಿ ಅಷ್ಟ," ಎಂದಳು. ನಗಲು ನೋಡಿದಳು, ಪೂರ್ತಿ ಬರಲಿಲ್ಲ.

ಆರನೆಯ ದಿನ ಕಂಪನಿಯಿಂದ ಫೋನು ಬಂತು. ಎರಡನೆಯ ವಿಮೆಯವರು ಒಪ್ಪಿದ್ದರು. ಅಸ್ತಮಾ ಸೇರಿ, ನೈರೋಬಿ ಸೇರಿ. ಕಂತು ಮಾತ್ರ ಏರಿತ್ತು. ಮಿತಿ ಮೀರಿದ್ದನ್ನು ಜ್ಯೋತಿ ತನ್ನ ಸಂಬಳದಿಂದ ಕಟ್ಟಬೇಕಿತ್ತು. ಅವಳು ಒಂದು ಉಸಿರಿಗೆ ಹೂಂ ಎಂದಳು.

ಮಾಲತೇಶಪ್ಪನವರಿಗೆ ಇದು ಬಗೆಹರಿಯಲಿಲ್ಲ. "ಎಲ್ಲಾ ಧಂದೇದಾಗ ಮಾಲ ಕೆಟ್ಟೈತಿ ಅಂದ್ರ ರೇಟ ಇಳಿತೈತಿ. ಇದೊಂದರಾಗ ಏರತೈತಿ. ಹಂಗಾರ ಇದು ನಾ ತಿಳಕೊಂಡಂಗ ಮಳ್ಳರ ಧಂದೇ ಅಲ್ಲ ಬಿಡು," ಎಂದರು. ಅವರ ಬಾಯಲ್ಲಿ ಇದು ಕ್ಷಮೆಗೆ ಬಹಳ ಹತ್ತಿರದ ಮಾತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಫಕ್ಕೀರಪ್ಪ ವಿಮೆಯ ಕಾಗದ ಹಿಡಿದು ತಾನೇ ಬಂದ. ಸಂಬಂಧ ಬೇಡವೆನ್ನಲು ಬಂದಿದ್ದಾನೆಂದು ಎಲ್ಲರೂ ತಿಳಿದರು. ಆದರೂ ಮಂಗಳವ್ವ ಮಿರ್ಚಿ ಮಾಡಿದರು. ಮುರಿಯಲು ಬಂದವರಿಗೂ ಚಹಾ-ತಿಂಡಿ ತಪ್ಪಿಸುವ ಮನೆತನ ಅದಲ್ಲ. ಫಕ್ಕೀರಪ್ಪ ಕಾಗದ ಕೊಟ್ಟ, ಕೂತ, ಐದೂ ಮಿರ್ಚಿ ತಿಂದ. ಎದ್ದು ಹೋಗುತ್ತಾನೆಂದುಕೊಂಡರೆ ಬಾಯಿ ಒರೆಸಿಕೊಂಡು ಜ್ಯೋತಿಯ ಕಡೆ ಬಾಗಿದ.

"ತಂಗಿ, ಆ ರಾಣೆಬೆನ್ನೂರ ಡಾಕ್ಟರಬಾಯಾರು ಎಲ್ಲಿ ಕುಂದರ್ತಾರ?"

"ಸ್ಟೇಶನ್ ಹತ್ರಾರಿ. ಯಾರಿಗೆ ಬೇಕಾಗಿತ್ತು?"

"ನಮ್ಮ ಪೈಕಿ ಒಬ್ಬ ಹುಡುಗ ಅದಾನ. ಸಣ್ಣಾಂವ ಇದ್ದಾಗಿಂದ ಅವಂಗ ಒಂದೀಟ... ನೆಗಡಿ."

"ವಯಸ್ಸೆಷ್ಟರಿ?"

ಫಕ್ಕೀರಪ್ಪ ಮಂಡಕ್ಕಿಯ ತಟ್ಟೆ ನೋಡಿದ. "ಇಪ್ಪತ್ತೆಂಟು."

ಸುನೀಲಕುಮಾರನಿಗೆ ಇಪ್ಪತ್ತೆಂಟು ಎಂದು ಇದೇ ಪಡಸಾಲೆಯಲ್ಲಿ ಕೂತು ಇದೇ ಫಕ್ಕೀರಪ್ಪ ಹೇಳಿ ಎರಡು ತಿಂಗಳಾಗಿತ್ತು. ಮಾಲತೇಶಪ್ಪನವರು ಮೀಸೆ ಸವರಿಕೊಂಡರು. ಮಂಗಳವ್ವನ ಮುಖದಲ್ಲಿ ಮೊದಲು ಸಿಟ್ಟು ಬಂತು, ಹಿಂದೆಯೇ ಇನ್ನೇನೋ ಬಂತು. ತನ್ನಷ್ಟೇ ಜಾಣರು ಹಾವೇರಿಯಲ್ಲೂ ಇದ್ದಾರೆಂದು ತಿಳಿದಾಗ ಬರುವಂಥದು. "ನೆಗಡಿ ಏನ ಬಿಡ್ರಿ," ಎಂದರು ಕೊನೆಗೆ, "ಯಾರ ಮನ್ಯಾಗ ಇರಂಗಿಲ್ಲ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಭುವನಾ ಒಳಗೆ ಬಂದಳು. ಕಪ್ಪನ್ನು ಫಕ್ಕೀರಪ್ಪನ ಮುಂದೆ ಮೆಲ್ಲಗಿಟ್ಟಳು.

"ಕಾಕಾರ, ಆ ಹನ್ನೊಂದ ಪೇಜಿನ ಫಾರ್ಮ ಇನ್ನೊಂದ ಐತೇನ್ರಿ ನಿಮ್ಮ ಚೀಲದಾಗ?"

"ಐತಿ. ಯಾಕವಾ?"

"ನಿಮ್ಮ ಅಳಿಯಾರ ಕಡಿಂದ ತುಂಬಿಸ್ಕೊಂಡ ಬರ್ರಿ. ದಮ್ಮ ಇದ್ರ ದಮ್ಮ ಅಂತ ಬರೀ ಅನ್ರಿ, ಅದಕ್ಕ ನಾ ಅಂಜಂಗಿಲ್ಲ, ಪಂಪ ಹೆಂಗ ಒತ್ತೂದು ನನಗ ಗೊತ್ತೈತಿ. ಆದ್ರ ಪೆನ್ನಿಲೇ ತುಂಬ್ಲಿ. ನೀವ ತುಂಬಬ್ಯಾಡ್ರಿ."

ಫಕ್ಕೀರಪ್ಪ ಚಹಾ ಕುಡಿದು, ಹಣೆ ಒರೆಸಿಕೊಂಡು, ಹೂಂ ಎಂದು ಹೋದ. ಅವನು ಹಾಗೆ ಹೂಂ ಎಂದದ್ದನ್ನು ಜ್ಯೋತಿ ಅರುಶಾ ಮುಟ್ಟುವವರೆಗೂ ನೆನೆಸಿಕೊಂಡು ನಕ್ಕಳು.

ಮರುದಿನ ಬೆಳಿಗ್ಗೆ ಟ್ರಂಕು ಕಟ್ಟುವ ಗದ್ದಲದಲ್ಲಿ, ಜ್ಯೋತಿ ಪಂಪನ್ನು ಕೈಚೀಲದ ಎಲ್ಲಕ್ಕಿಂತ ಮೇಲೆ ಇಡುತ್ತಿದ್ದಾಗ, ಪಡಸಾಲೆಯಿಂದ ಮಾಲತೇಶಪ್ಪನವರ ದನಿ ಕೇಳಿತು.

"ಜ್ಯೋತಿ, ನನ್ನ ಬೀಪೀ ಗುಳಿಗಿ ಎಲ್ಲೈತಿ ನೋಡವಾ."

ಜ್ಯೋತಿ ಗುಳಿಗೆಯನ್ನೂ ನೀರನ್ನೂ ತಂದು ಕೊಟ್ಟಳು. ಅಡುಗೆಮನೆಯಲ್ಲಿ ಮಂಗಳವ್ವ ತಮ್ಮ ಚಹಾವನ್ನು ಬೇರೆ ಸೋಸಿಕೊಳ್ಳುತ್ತಿದ್ದರು. ಸುಶ್ಮಿತಾ ಅಜ್ಜಿಯ ಹತ್ತಿರ ಹೋಗಿ, "ಅಜ್ಜೀ, ಹಂಗಾರ ನಿನಗ ಸಕ್ಕರಿ ರೋಗ ಐತೇನು?" ಎಂದು ಕೇಳಿದಳು.

"ಇಲ್ಲ," ಎಂದರು ಮಂಗಳವ್ವ. "ಹರಕಿ."